ತ್ರೀ ಫೇಸ್ ಬಂದರೂ ಮಿಂಚು ಅನ್ನುತ್ತಿದ್ದ ಡಬ್ಬಿ

ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಮಹಡಿ ಹತ್ತಿದರೆ ಕುಂತಿಬೆಟ್ಟ ಕಾಣುತ್ತದೆ. ಆ ಮಹಡಿ ಮೇಲೆ ಮೂರು ವರ್ಷದಿಂದ ನನ್ನದೊಂದು ಪುಟ್ಟ ಹವಾಮಾನ ಕೇಂದ್ರ ಇದೆ. ಶಾಖ, ತೇವ, ಗಾಳಿಯ ಒತ್ತಡಕ್ಕೆ ಒಂದು ಬಿಎಂಇ280 ಸೆನ್ಸರ್. ಮಳೆಗೆ, ತುಂಬಿದಾಗೆಲ್ಲ ಮಗುಚಿಕೊಳ್ಳುವ ಪುಟ್ಟ ಬಕೆಟ್ಟು. ಲೆಕ್ಕ ಇಡಲು ಆರ್ಡುಯಿನೊ ನ್ಯಾನೊ ಅನ್ನುವ, ಪ್ರೋಗ್ರಾಂ ಬರೆಯಬಹುದಾದ ಒಂದು ಪುಟ್ಟ ಬೋರ್ಡು. ಎಷ್ಟು ಮಳೆ ಬಂತು ಅಂತ ಸರಿಯಾಗಿಯೇ ಹೇಳುತ್ತದೆ. ಆದರೆ ಬಂದ ಮೇಲೆ ಹೇಳುತ್ತದೆ. ಅಪ್ಪನಿಗೆ ಅದರಿಂದ ಏನೂ ಉಪಯೋಗವಿಲ್ಲ. ಅವರು ಮಳೆಯಲ್ಲಿ ನೆನೆಯಲು ಹೆದರುವವರಲ್ಲ. ನನ್ನ ಹೆದರಿಕೆ ಇದ್ದದ್ದು ಸಿಡಿಲಿನದು. ಎಮ್ಮೆ ಬಿಚ್ಚಿಕೊಂಡು ಬರುವಷ್ಟರಲ್ಲಿ ಮಳೆ ಹಿಡಿದರೆ ಅವರು ಹೋಗಿ ನಿಲ್ಲುವುದು ಗದ್ದೆ ಬದುವಿನ ಹೊಂಗೆ ಮರದ ಕೆಳಗೆ.

ಫೋನಿಗೆ ಆ್ಯಪ್ ಇದೆಯಲ್ಲ ಅನ್ನಬಹುದು. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಇದೆ, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ ‘ದಾಮಿನಿ’ ಇದೆ. ನನ್ನ ಫೋನಿನಲ್ಲಿ ಎರಡೂ ಇವೆ. ಅಪ್ಪನದು ಕೀಪ್ಯಾಡ್ ಫೋನು. ಅದೂ ಮನೆಯ ಗೂಡಿನಲ್ಲಿರುತ್ತದೆ. ಅದಕ್ಕೇ ಮಿಂಚು ದೂರದಲ್ಲಿರುವಾಗಲೇ ಹಿಡಿದು ಸೈರನ್ ಕೂಗುವ ಡಬ್ಬಿಯೊಂದನ್ನು ನಾನೇ ಮಾಡಿದೆ.

ದಾರಿ ತೋರಿಸಿದ್ದೂ ಅಪ್ಪನೇ ಅನ್ನಿ. ಮೊದಲು ಅವರ ಹತ್ತಿರ ಒಂದು ಟ್ರಾನ್ಸಿಸ್ಟರ್ ರೇಡಿಯೊ ಇತ್ತು. ಮೀಡಿಯಂ ವೇವ್‌ನಲ್ಲಿ ಬೆಂಗಳೂರು ಹಾಕಿಕೊಂಡು ಕೂತವರು ಇದ್ದಕ್ಕಿದ್ದಂತೆ "ಮಳೆ ಬತ್ತದೆ ಕಣ್ಲಾ, ರೇಡಿಯೊ ಕರಕರ ಅಂತಾದೆ" ಅನ್ನುತ್ತಿದ್ದರು. ಆಗ ಬಿಸಿಲು ಇರುತ್ತಿತ್ತು. ಅರ್ಧ ಗಂಟೆ, ಮುಕ್ಕಾಲು ಗಂಟೆಗೆ ಗುಡುಗು ಕೇಳುತ್ತಿತ್ತು. ಮಿಂಚಿನಲ್ಲಿ ಸಾವಿರಾರು ಆಂಪಿಯರ್ ಕರೆಂಟು ಮೈಕ್ರೋಸೆಕೆಂಡುಗಳಲ್ಲಿ ಏರುತ್ತದೆ. ಅದೇ ಒಂದು ದೊಡ್ಡ ರೇಡಿಯೊ ಸ್ಟೇಷನ್ ಇದ್ದ ಹಾಗೆ, ಎಲ್ಲ ಬ್ಯಾಂಡಿನಲ್ಲೂ ಒಂದೇ ಸಲ ಕೂಗುವ ಸ್ಟೇಷನ್ನು. ರಷ್ಯಾದ ಅಲೆಕ್ಸಾಂಡರ್ ಪೊಪೋವ್ 1895ರ ಮೇ 7ರಂದು ತೋರಿಸಿದ ರೇಡಿಯೊ ರಿಸೀವರ್‌ನ ಮೊದಲ ಕೆಲಸವೂ ದೂರದ ಮಿಂಚು ಹಿಡಿಯುವುದೇ ಆಗಿತ್ತು. ಮೇ 7 ಅಂದರೆ ನಮ್ಮಲ್ಲಿ ಭರಣಿ ಮಳೆ. ಸಿಡಿಲು ಜಾಸ್ತಿ ಇರುವ ಕಾಲ, ಅಲ್ವಾ!

ಆ ಟ್ರಾನ್ಸಿಸ್ಟರ್ ಕೆಟ್ಟು ಅಟ್ಟ ಸೇರಿತ್ತು. ಇಳಿಸಿ ಬಿಚ್ಚಿದೆ. ಒಳಗೆ ರೇಡಿಯೊ ಅಲೆ ಹಿಡಿಯುವ ಫೆರೈಟ್ ಕಡ್ಡಿ ಸುರುಳಿಯ ಸಮೇತ ಚೆನ್ನಾಗಿತ್ತು. ಗ್ಯಾಂಗ್, ಅಂದರೆ ಸ್ಟೇಷನ್ ಹುಡುಕಲು ತಿರುಗಿಸುವ ಕೆಪಾಸಿಟರು, ಪೂರ್ತಿ ಮುಚ್ಚಿದಾಗ ರೇಡಿಯೊ ಹಿಡಿಯುತ್ತಿದ್ದದ್ದು ಹೆಚ್ಚುಕಡಿಮೆ 530 ಕಿಲೋಹರ್ಟ್ಜ್. ಇಂಥ ಗ್ಯಾಂಗು ಸುಮಾರು 150 ಪೈಕೋಫ್ಯಾರಡ್ ಅಂತ ಇಟ್ಟುಕೊಂಡರೆ ಸುರುಳಿ 600 ಮೈಕ್ರೋಹೆನ್ರಿ ಆಯಿತು. ಗ್ಯಾಂಗ್ ತೆಗೆದು ಆ ಜಾಗಕ್ಕೆ 470 ಪೈಕೋಫ್ಯಾರಡ್‌ನ ಕೆಪಾಸಿಟರ್ ಹಾಕಿದರೆ ಸುಮಾರು 300 ಕಿಲೋಹರ್ಟ್ಜ್‌ಗೆ ಬಂದು ನಿಲ್ಲುತ್ತದೆ. ಅಲ್ಲಿ ಆಕಾಶವಾಣಿಯ ಹಾಡು, ವಾರ್ತೆ ಇಲ್ಲ. ಮಿಂಚಿನ ಸದ್ದು ಮಾತ್ರ ಬೇಕಾದಷ್ಟಿದೆ.

ಮಿಕ್ಕಿದ್ದು ಸುಲಭ. ಕಡ್ಡಿಯ ಮೇಲಿನ ಚಿಕ್ಕ ಸುರುಳಿಯಿಂದ ಎರಡು ಬಿಸಿ547 ಟ್ರಾನ್ಸಿಸ್ಟರು, ಆಮೇಲೆ ಒಂದು 1ಎನ್4148 ಡಯೋಡು, ಅದರ ಹಿಂದೆ ಇನ್ನೊಂದು ಬಿಸಿ547. ಈ ಕೊನೆಯದು 555 ಅನ್ನುವ ಟೈಮರ್ ಚಿಪ್ಪಿನ ಎರಡನೇ ಕಾಲನ್ನು ಕೆಳಕ್ಕೆ ಎಳೆಯುತ್ತದೆ. ಎಷ್ಟು ಚಿಕ್ಕ ಸದ್ದಿಗೆ ಎಚ್ಚರಾಗಬೇಕು ಅಂತ ಹೇಳಲು ಒಂದು ಪ್ರಿಸೆಟ್, ಅಂದರೆ ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರು. 555ಕ್ಕೆ 100 ಕಿಲೋ ಓಮ್ ಮತ್ತು 10 ಮೈಕ್ರೋಫ್ಯಾರಡ್ ಹಾಕಿದ್ದೇನೆ. ಒಂದು ಸಲ ತಟ್ಟಿದರೆ 1.1 ಸೆಕೆಂಡ್ ಎಲ್ಇಡಿ ಉರಿಯುತ್ತದೆ. ಇಷ್ಟು ಹೊತ್ತು ಯಾಕೆ ಅಂದರೆ, ಒಂದು ಮಿಂಚು ಅಂತ ನಾವು ಎಣಿಸುವುದರಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಹೊಡೆತ ಇರುತ್ತವೆ. ಬೆಳಕು ಪಟಪಟ ನಡುಗಿದ ಹಾಗೆ ಕಾಣುವುದು ಅದಕ್ಕೇ. ಮೊದಲು 0.1 ಸೆಕೆಂಡ್ ಇಟ್ಟಿದ್ದೆ, ಒಂದೇ ಮಿಂಚನ್ನು ಆರ್ಡುಯಿನೊ ಮೂರು ಅಂತ ಬರೆದುಕೊಳ್ಳುತ್ತಿತ್ತು. ಸಾದಾ 555 ನಾಲ್ಕು ಪೆನ್ಸಿಲ್ ಸೆಲ್ಲನ್ನು ಎರಡೇ ವಾರದಲ್ಲಿ ತಿಂದು ಮುಗಿಸಿತು. ಅದನ್ನು ಕಿತ್ತು 7555 ಹಾಕಿದೆ. ಮೈಸೂರಿಗೆ ಹೋದಾಗ ತಂದೆ, ಬೆಲೆ ಸ್ವಲ್ಪ ಜಾಸ್ತಿ, ಆದರೆ ಕರೆಂಟು ಕುಡಿಯುವುದೇ ಇಲ್ಲ ಅನ್ನಬೇಕು.

ಮಳೆಗಾಲಕ್ಕೆ ಕಾಯದೆ ಪರೀಕ್ಷೆ ಮಾಡಲು ಗ್ಯಾಸ್ ಲೈಟರ್‌ನಷ್ಟು ಒಳ್ಳೆ ಸಾಧನ ಇನ್ನೊಂದಿಲ್ಲ. ಟಿಕ್ ಅಂದರೆ ಅದೊಂದು ಕಿಡಿ, ಪುಟಾಣಿ ಮಿಂಚು. ಮೊದಲ ಸಲ ಒಂದು ಅಡಿ ದೂರದಿಂದ ಒತ್ತಿದಾಗ ಎಲ್ಇಡಿ ಬೆಳಗಿತು. ಎದ್ದು ಹಿಂದೆ ಹಿಂದೆ ನಡೆದು ಒತ್ತುತ್ತಾ ಹೋದೆ. ಪ್ರಿಸೆಟ್ ತಿರುಗಿಸಿ ತಿರುಗಿಸಿ ಎರಡು ಮೀಟರ್‌ಗೆ ತಂದೆ. ಅಡುಗೆಮನೆಯಿಂದ ಅವ್ವ "ಲೈಟರ್ ಎಲ್ಲಿ ಮಡಗ್ದೆ ಮಗಾ, ಹಾಲು ಕಾಯಿಸ್ಬೇಕು" ಅಂತ ಮೂರು ಸಲ ಕೂಗಿದ್ದಳು.

ಆಮೇಲೆ ಒಂದು ದಡ್ಡತನ ಮಾಡಿದೆ. ಎಲ್ಲವನ್ನೂ ನೀಟಾಗಿ ಒಂದು ಸ್ಟೀಲ್ ಟಿಫನ್ ಡಬ್ಬಿಯಲ್ಲಿ ಕೂರಿಸಿ ಮುಚ್ಚಳ ಹಾಕಿದೆ. ಪಕ್ಕದಲ್ಲೇ ಲೈಟರ್ ಒತ್ತಿದರೂ ಕಮಕ್ ಕಿಮಕ್ ಅನ್ನಲಿಲ್ಲ. ಸ್ಟೀಲ್ ಡಬ್ಬಿಯೊಳಕ್ಕೆ ರೇಡಿಯೊ ಅಲೆ ನುಗ್ಗದು ಅಂತ ಡಿಪ್ಲೊಮಾದಲ್ಲಿ ಓದಿ ಬರೆದು ಪಾಸಾದವನು ನಾನು. ಈಗ ಅದು ಪ್ಲಾಸ್ಟಿಕ್ ಡಬ್ಬಿಯಲ್ಲಿದೆ.

ಮಹಡಿಗೆ ಹೋಗುವ ಮೆಟ್ಟಿಲ ಕೆಳಗೆ, ಫ್ರಿಜ್ಜಿನಿಂದಲೂ ಟ್ಯೂಬ್‌ಲೈಟಿನಿಂದಲೂ ದೂರ ಇಟ್ಟೆ. ಮೊದಲ ರಾತ್ರಿಯೇ ಡಬ್ಬಿ ಮಿಂಚಿತು. ಹತ್ತು ಗಂಟೆ ದಾಟುತ್ತಿದ್ದಂತೆ ಒಂದು, ಸ್ವಲ್ಪ ಹೊತ್ತಿಗೆ ಇನ್ನೊಂದು, ಆಮೇಲೆ ಎರಡು ಮೂರು ಒಟ್ಟಿಗೆ. ಮಳೆ ಹತ್ತಿರ ಬರುತ್ತಿದೆ ಅಂತ ಓಡಿ ಹೊರಗೆ ಬಂದೆ. ಆಕಾಶದ ತುಂಬ ನಕ್ಷತ್ರ. ಮರುದಿನವೂ ಅದೇ ಹೊತ್ತಿಗೆ ಅದೇ ಕತೆ. ನೋಟ್‌ಬುಕ್ಕಿನಲ್ಲಿ ಗಂಟೆ ಬರೆದಿಟ್ಟೆ. ನಾಲ್ಕನೇ ದಿನ ಅಪ್ಪ ಹಾಸಿಗೆಯಿಂದಲೇ "ತ್ರೀ ಫೇಸ್ ಬಂತು" ಅಂದರು, ಡಬ್ಬಿಯೂ ಮಿಂಚಿತು. ತ್ರೀ ಫೇಸ್ ಅಂದರೆ ಪಂಪ್‌ಸೆಟ್ಟಿಗೆ ಬಿಡುವ ಕರೆಂಟು. ಆಗ ತಲೆಗೆ ಹೋಯಿತು. ಪಂಪ್‌ಸೆಟ್ಟಿನ ಸ್ಟಾರ್ಟರ್! ಒಳಗಿನ ಕಾಂಟ್ಯಾಕ್ಟು ಕೂಡುವಾಗ ಕಿಡಿ ಹಾರುತ್ತದೆ. ಈಗ ಎಲ್ಲರದ್ದೂ ಆಟೋ ಸ್ಟಾರ್ಟರ್. ಕರೆಂಟು ಬಂದ ಮೇಲೆ ಒಬ್ಬೊಬ್ಬರದು ಒಂದೊಂದು ನಿಮಿಷಕ್ಕೆ ಶುರುವಾಗುತ್ತದೆ. ನನ್ನ ಡಬ್ಬಿಗೆ ಅದು ದೂರದಿಂದ ನಡೆದು ಬರುವ ಮಳೆಯ ಥರವೇ ಕೇಳುತ್ತಿತ್ತು. ಕರೆಂಟು ಬಂದ ಕೂಡಲೇ ಹತ್ತು ನಿಮಿಷ ಸುಮ್ನಿರು ಅಂತ ಪ್ರೋಗ್ರಾಂ ಬರೆಯೋಣ ಅಂದುಕೊಂಡೆ. ಆಗಲಿಲ್ಲ. ಮನೆಗೆ ಬೇರೆ ಲೈನು, ಪಂಪ್‌ಸೆಟ್ಟಿಗೆ ಬೇರೆ ಲೈನು. ಅಲ್ಲಿ ಬಂದದ್ದು ಇಲ್ಲಿಗೆ ಗೊತ್ತಾಗುವುದಿಲ್ಲ.

ಪರಿಹಾರ ಮತ್ತೆ ಅದೇ ಟ್ರಾನ್ಸಿಸ್ಟರ್‌ನಿಂದ ಬಂತು. ರೇಡಿಯೊ ಕೇಳುತ್ತಾ ಅದನ್ನು ಸುತ್ತ ತಿರುಗಿಸಿದರೆ ಒಂದು ಕಡೆ ಸ್ಟೇಷನ್ ಮಾಯವಾಗುತ್ತದೆ, ನೋಡಿರುತ್ತೀರಿ. ಫೆರೈಟ್ ಕಡ್ಡಿಯ ತುದಿ ಯಾವ ಕಡೆ ನೋಡುತ್ತದೋ ಆ ಕಡೆಯದು ಅದಕ್ಕೆ ಕೇಳುವುದಿಲ್ಲ. ನಮ್ಮ ಸುತ್ತಲಿನ ಬೋರ್‌ವೆಲ್ಲುಗಳು ಬಹುಪಾಲು ಪಡುವಲ ಕಡೆ ಇವೆ. ರಾತ್ರಿ ಹತ್ತಕ್ಕೆ ಡಬ್ಬಿ ಮುಂದೆ ಕೂತು, ಮಿಂಚಿದಾಗೆಲ್ಲ ಕಡ್ಡಿಯನ್ನು ಒಂದು ಬೆರಳಷ್ಟು ತಿರುಗಿಸಿದೆ. ಮೂರು ರಾತ್ರಿ ಹಿಡಿಯಿತು. ಈಗ ಹತ್ತು ಸ್ಟಾರ್ಟರ್‌ನಲ್ಲಿ ಒಂದೋ ಎರಡೋ ಮಾತ್ರ ಕೇಳುತ್ತವೆ. ಪಡುವಲಿಂದ, ಮೂಡಲಿಂದ ಬರುವ ಮಿಂಚಿಗೂ ಕಿವಿ ಸ್ವಲ್ಪ ಮಂದವಾಯಿತು ಅನ್ನುವುದು ನಿಜ. ಮೋಡ ಹಬ್ಬಿಕೊಂಡು ಬರುವುದರಿಂದ ಅಷ್ಟೇನೂ ನಷ್ಟ ಕಂಡಿಲ್ಲ. ಐದು ನಿಮಿಷದಲ್ಲಿ ಮೂರು ಸಲ ಮಿಂಚಿದರೆ ಮಾತ್ರ ಸೈರನ್ ಕೂಗಲಿ ಅಂತ ಪ್ರೋಗ್ರಾಮಿನಲ್ಲೂ ಬರೆದೆ.

ಸೈರನ್ ಇನ್ನೊಂದು ತಮಾಷೆ. ಅದನ್ನು ಹಾಕುವ ರಿಲೇ ಕೂಡ ಟಕ್ ಅಂತ ಕಿಡಿ ಹಾರಿಸುತ್ತದೆ. ಡಬ್ಬಿ ಅದನ್ನೂ ಮಿಂಚು ಅಂತ ಎಣಿಸಿ ಮತ್ತೆ ಸೈರನ್ ಕೂಗಿಸುತ್ತಿತ್ತು. ರಿಲೇ ಸುರುಳಿಗೆ ಅಡ್ಡ ಡಯೋಡು ಹಾಕಿ, ಸೈರನ್ ಕೂಗುವಷ್ಟು ಹೊತ್ತು ಎಣಿಸಬೇಡ ಅಂತ ಬರೆದ ಮೇಲೆ ಊರು ಸುಮ್ಮನಾಯಿತು.

ಮೊದಲ ನಿಜವಾದ ಮಳೆ ಭರಣಿಯಲ್ಲೇ ಸಿಕ್ಕಿತು. ಸಂಜೆ ನಾಲ್ಕು ಗಂಟೆ, ಸುಡು ಬಿಸಿಲು. ಐದೈದು ನಿಮಿಷದ ಲೆಕ್ಕ 2, 5, 11, 24 ಅಂತ ಏರಿತು. ಕುಂತಿಬೆಟ್ಟದ ಆಚೆ ಕಪ್ಪಾಗಿದ್ದು ಆಮೇಲೆ. ಗುಡುಗು ಕೇಳಿದ್ದು ಇನ್ನೂ ಆಮೇಲೆ. ಕಣ್ಣಿಗೆ ಕಂಡ ಒಂದು ಮಿಂಚಿಗೆ ಎಣಿಸಿದೆ, ಗುಡುಗಿಗೆ 21 ಸೆಕೆಂಡ್. ಮೂರರಿಂದ ಭಾಗಿಸಿದರೆ 7 ಕಿಲೋಮೀಟರ್. ದೂರ ತಿಳಿಯಲು ಇವತ್ತಿಗೂ ನನಗೆ ಇದೇ ಲೆಕ್ಕ, ಡಬ್ಬಿಗೆ ದೂರ ಗೊತ್ತಾಗುವುದಿಲ್ಲ. ಮೋಡದೊಳಗೇ ಮಿಂಚಿದ್ದೋ ನೆಲಕ್ಕೆ ಬಡಿದದ್ದೋ ಅನ್ನುವುದೂ ಗೊತ್ತಾಗುವುದಿಲ್ಲ. ದೂರ ಅಂದಾಜು ಮಾಡುವ ಎಎಸ್3935 ಅನ್ನುವ ಚಿಪ್ಪು ಸಿಗುತ್ತದೆ, 40 ಕಿಲೋಮೀಟರ್‌ವರೆಗೆ. ತಂದಿಟ್ಟಿದ್ದೇನೆ, ಇನ್ನೂ ಕೈ ಹಾಕಿಲ್ಲ.

ಮಾಡುವವರಿಗೆ ಒಂದು ಮಾತು. ಜಾಸ್ತಿ ದೂರ ಹಿಡಿಯಲಿ ಅಂತ ತೆಂಗಿನ ಮರಕ್ಕೆ ತಂತಿ ಕಟ್ಟುವ ಯೋಚನೆ ನನಗೂ ಬಂದಿತ್ತು. ಬೇಡ. ಸಿಡಿಲನ್ನು ಮನೆಗೆ ಕರೆದ ಹಾಗೆ. ಕಡ್ಡಿ ಮನೆಯೊಳಗೇ ಇದ್ದರೆ ಸಾಕು.

ಮಿಂಚು ಕಂಡು 30 ಸೆಕೆಂಡಿಗಿಂತ ಬೇಗ ಗುಡುಗು ಕೇಳಿದರೆ ಒಳಗೆ ಬರಬೇಕು, ಕೊನೆಯ ಗುಡುಗಾದ ಮೇಲೆ 30 ನಿಮಿಷ ಹೊರಗೆ ಹೋಗಬಾರದು ಅಂತ ಒಂದು ಲೆಕ್ಕ ಇದೆ. ಡಬ್ಬಿಗೂ ಅದನ್ನೇ ಹಾಕಿದ್ದೇನೆ. ಕೊನೆಯ ಮಿಂಚಿನಿಂದ ಅರ್ಧ ಗಂಟೆ ಕಳೆದರೆ ಚಿಕ್ಕದಾಗಿ ಒಂದು ಸಲ ಪೀಂ ಅನ್ನುತ್ತದೆ. ಸೈರನ್ ಕೇಳಿ ಅಪ್ಪ ಎಮ್ಮೆ ಹೊಡೆದುಕೊಂಡು ಬರುವುದು ಈಗ ರೂಢಿಯಾಗಿದೆ. ಕಷ್ಟ ಇರುವುದು ಈ ಅರ್ಧ ಗಂಟೆಯದು. ಮಳೆ ನಿಂತಿರುತ್ತದೆ, ಬಿಸಿಲೂ ಬಂದಿರುತ್ತದೆ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಜಗಲಿಯಲ್ಲಿ ಕೂತಿರುತ್ತಾರೆ, ಮೆಟ್ಟಿಲ ಕಡೆ ನೋಡುತ್ತಾ.

"ಇನ್ನೆಷ್ಟೊತ್ತು ಅಂತದ್ಲಾ ನಿನ್ನ ಡಬ್ಬಿ?"