ದಾವಣಗೆರೆಯ ಖಾನಾವಳಿಯಲ್ಲಿ ಮೊದಲ ಮಧ್ಯಾಹ್ನದೂಟ

ಕೆಲಸದ ಮೇಲೆ ದಾವಣಗೆರೆಗೆ ಬಂದವರು ಮಧ್ಯಾಹ್ನ ಎಲ್ಲಿ ಉಣ್ಣಬೇಕೆಂದು ವಿಚಾರಿಸಿದರೆ, ಊರಿನವರು ಹೆಚ್ಚು ಯೋಚಿಸದೆ ಬೆಣ್ಣೆದೋಸೆಯ ಹೋಟೆಲ್ಲಿನ ದಾರಿ ತೋರಿಸಿಬಿಡುತ್ತಾರೆ. ಆ ದೋಸೆಯ ಬಗ್ಗೆ ನನಗೇನೂ ತಕರಾರಿಲ್ಲ. ಆದರೆ ಅದು ಬೆಳಗಿನ ಅಥವಾ ಸಂಜೆಯ ತಿಂಡಿಯೇ ಹೊರತು ಊಟವಲ್ಲ. ಮಂಡಿ, ಅಂಗಡಿ, ಕೋರ್ಟು, ಕಚೇರಿಗಳಲ್ಲಿ ದುಡಿಯುವವರು ಮನೆಗೆ ಹೋಗಲಾಗದ ಮಧ್ಯಾಹ್ನಗಳಲ್ಲಿ ಹುಡುಕಿಕೊಂಡು ಹೋಗುವುದು ಖಾನಾವಳಿಯನ್ನು. ಖಾನಾವಳಿಯ ರೂಢಿಯಿಲ್ಲದವರು ಮೊದಲ ಸಲ ಒಳಗೆ ಕಾಲಿಡುವಾಗ ಏನನ್ನು ನೋಡಬೇಕು, ಏನನ್ನು ಕೇಳಬೇಕು, ಯಾವ ಕ್ರಮದಲ್ಲಿ ಉಣ್ಣಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ತಟ್ಟೆಯಲ್ಲಿ ಏನು ಬರುತ್ತದೆ ಎಂಬುದು ಗೊತ್ತಿರಲಿ. ದಾವಣಗೆರೆ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಊರಿನಿಂದ ಉತ್ತರಕ್ಕೆ ಹೋದಂತೆ ಜೋಳದ ರೊಟ್ಟಿಯ ಸೀಮೆ, ದಕ್ಷಿಣಕ್ಕೆ ಹೋದಂತೆ ರಾಗಿಮುದ್ದೆಯ ಸೀಮೆ, ಭದ್ರಾ ನಾಲೆಯ ನೀರು ಹರಿಯುವಲ್ಲೆಲ್ಲ ಭತ್ತದ ಗದ್ದೆ. ಹೀಗಾಗಿ ಇಲ್ಲಿನ ಊಟ ರೊಟ್ಟಿಯಿಂದ ಆರಂಭವಾಗಿ ಅನ್ನದಲ್ಲಿ ಮುಗಿಯುತ್ತದೆ. ಕೆಲವು ಕಡೆ ಮುದ್ದೆಯೂ ಸಿಗುತ್ತದೆ. ರೊಟ್ಟಿಯ ಜೊತೆಗೆ ಒಂದು ಕಾಳಿನ ಪಲ್ಯ, ಒಂದು ತರಕಾರಿ ಅಥವಾ ಸೊಪ್ಪಿನ ಪಲ್ಯ, ಶೇಂಗಾ ಚಟ್ನಿಪುಡಿ, ಹಸಿ ಈರುಳ್ಳಿ, ಸೌತೆಕಾಯಿ, ಮೊಸರು ಇರುತ್ತವೆ; ಆಮೇಲೆ ಅನ್ನ, ಸಾರು, ಮಜ್ಜಿಗೆ. ಮಾಂಸದೂಟ ಬೇಕಾದವರು ಮಿಲಿಟರಿ ಹೋಟೆಲ್ ಎಂಬ ಫಲಕವಿರುವ ಕಡೆ ಹೋಗಬೇಕು. ಅಲ್ಲಿನ ರೀತಿ ಬೇರೆಯಾದ್ದರಿಂದ ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ಊಟದ ದಿನ ಬೆಳಿಗ್ಗೆಯ ತಿಂಡಿಯನ್ನು ಸ್ವಲ್ಪ ಹಿಡಿತದಲ್ಲಿಡಬೇಕು. ಹನ್ನೊಂದು ಗಂಟೆಗೆ ಆಲೂಗಡ್ಡೆ ಪಲ್ಯ, ಕಾಯಿಚಟ್ನಿಗಳೊಂದಿಗೆ ಎರಡು ಬೆಣ್ಣೆದೋಸೆ ಮುಗಿಸಿ, ಒಂದು ಗಂಟೆಗೆ ಖಾನಾವಳಿಯಲ್ಲಿ ಕುಳಿತವರಿಗೆ ರೊಟ್ಟಿಯ ರುಚಿ ತಿಳಿಯುವುದಿಲ್ಲ. ಅಂಥವರು ಅರ್ಧ ರೊಟ್ಟಿ ಮುರಿದು, ಪಲ್ಯ ಬಿಟ್ಟೆದ್ದು, ಆಮೇಲೆ ಊಟ ಸುಮಾರಾಗಿತ್ತೆಂದು ಹೇಳಿಕೊಂಡು ತಿರುಗುವುದನ್ನು ಕಂಡಿದ್ದೇನೆ.

ಸಮಯದ ವಿಷಯದಲ್ಲಿ ನನ್ನ ಸಲಹೆ ಖಚಿತವಾಗಿದೆ: ಹನ್ನೆರಡೂವರೆಯಿಂದ ಒಂದು ಗಂಟೆಯೊಳಗೆ ಒಳಗಿರಬೇಕು. ಆಗ ಪಲ್ಯ ಹೊಸದಾಗಿರುತ್ತದೆ, ಹೆಂಚು ಕಾದಿರುತ್ತದೆ, ಬಡಿಸುವವರಿಗೆ ಇನ್ನೂ ದಣಿವಾಗಿರುವುದಿಲ್ಲ. ಒಂದೂವರೆಯ ಹೊತ್ತಿಗೆ ಮಂಡಿಯವರೂ ಕಚೇರಿಯವರೂ ಒಟ್ಟಿಗೆ ನುಗ್ಗುವುದರಿಂದ ತಟ್ಟಿದ ರೊಟ್ಟಿ ಸಾಲದೆ ಕಾಯಬೇಕಾಗುತ್ತದೆ. ಎರಡೂವರೆ ದಾಟಿದರೆ ಒಳ್ಳೆಯ ಪಲ್ಯ ಖಾಲಿಯಾಗಿ, ಸಾರಿಗೆ ನೀರು ಬಿದ್ದಿರುವ ಸಂಭವವೇ ಹೆಚ್ಚು. ವ್ಯಾಪಾರಸ್ಥರನ್ನೇ ನೆಚ್ಚಿಕೊಂಡ ಖಾನಾವಳಿಗಳು ಭಾನುವಾರ ಬಾಗಿಲು ತೆರೆಯದೇ ಇರಬಹುದಾದ್ದರಿಂದ ಮೊದಲ ಭೇಟಿಗೆ ವಾರದ ನಡುವಿನ ದಿನವೇ ಲೇಸು.

ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಒಂದು ಹೆಸರನ್ನು ಹೇಳುವುದಕ್ಕಿಂತ ಗುರುತಿಸುವ ಬಗೆಯನ್ನು ಹೇಳುವುದು ಹೆಚ್ಚು ಉಪಯುಕ್ತ. ರೈಲು ನಿಲ್ದಾಣ, ಅಶೋಕ ರಸ್ತೆ, ಮಂಡಿಪೇಟೆ, ಪಿ.ಬಿ. ರಸ್ತೆಯ ಆಸುಪಾಸಿನಲ್ಲಿ ನಡೆಯುತ್ತ ಹೋದರೆ ಫಲಕಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಫಲಕವನ್ನು ನಂಬಬೇಡಿ, ಒಳಗೆ ಇಣುಕಿ ನೋಡಿ. ಅಡುಗೆಮನೆಯಿಂದ ರೊಟ್ಟಿ ತಟ್ಟುವ ಸದ್ದು ಕೇಳುತ್ತಿದೆಯೇ? ಉಣ್ಣುತ್ತಿರುವವರು ಬಡಿಸುವವರನ್ನು ಸಲಿಗೆಯಿಂದ ಕರೆಯುತ್ತಿದ್ದಾರೆಯೇ? ಹಾಗಿದ್ದರೆ ಅವರು ದಿನವೂ ಬರುವವರು, ಮತ್ತು ದಿನವೂ ಬರುವವರಿಗೆ ಹಳಸಿದ್ದನ್ನು ಬಡಿಸಿ ಯಾರೂ ದಕ್ಕಿಸಿಕೊಳ್ಳಲಾರರು. ಗೋಬಿ ಮಂಚೂರಿಯಿಂದ ಪನ್ನೀರ್ ಮಸಾಲದವರೆಗೆ ಎಲ್ಲವೂ ಸಿಗುತ್ತದೆಂದು ಬರೆದುಕೊಂಡ ಕಡೆ ರೊಟ್ಟಿ ಸಾಮಾನ್ಯವಾಗಿ ಹಿಂದೆ ಬಿದ್ದಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಕೈತೊಳೆಯುವ ಜಾಗ, ಕುಡಿಯುವ ನೀರಿನ ಪಾತ್ರೆ, ಮೇಜು ಒರೆಸುವ ಬಟ್ಟೆ ಈ ಮೂರನ್ನು ಕುಳಿತುಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಗಲ್ಲಾದ ಹಿಂದೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆಯಿರುವ ಪತ್ರ ತೂಗುಹಾಕಿದ್ದರೆ ಅದೂ ಒಂದು ಸಮಾಧಾನ.

ಒಳಗೆ ಹೋದ ಮೇಲೆ ಮೆನು ಕಾರ್ಡಿಗಾಗಿ ಕಾಯಬಾರದು. ಕೆಲವು ಕಡೆ ಗಲ್ಲಾದಲ್ಲಿ ಮೊದಲೇ ಹಣ ಕೊಟ್ಟು ಟೋಕನ್ ತೆಗೆದುಕೊಳ್ಳಬೇಕು, ಕೆಲವು ಕಡೆ ಉಂಡ ಮೇಲೆ ಕೊಡಬೇಕು. ಎದುರು ಕುಳಿತವರನ್ನು ಕೇಳಿದರೆ ಸಾಕು, ಹೇಳುತ್ತಾರೆ. ಮೇಜು ಹಂಚಿಕೊಳ್ಳುವುದು ಇಲ್ಲಿ ಸಹಜವಾದ್ದರಿಂದ ಖಾಲಿ ಕುರ್ಚಿ ಕಂಡಲ್ಲಿ ಕುಳಿತುಕೊಳ್ಳಬಹುದು. ಬಡಿಸುವವರು ಬಂದಾಗ ಕೇಳಬೇಕಾದದ್ದು ಇಷ್ಟೇ: “ಅಣ್ಣ, ಊಟಕ್ಕೆ ಎಷ್ಟು ರೊಟ್ಟಿ ಬರುತ್ತೆ? ಜಾಸ್ತಿ ಹಾಕಿಸಿಕೊಂಡರೆ ಬೇರೆ ದುಡ್ಡಾ?” ಒಂದು ಊಟಕ್ಕೆ ಇಂತಿಷ್ಟೇ ರೊಟ್ಟಿಯೆಂಬ ನಿಯಮ ಕೆಲವರದು, ಬೇಕಾದಷ್ಟು ಉಣ್ಣಿ ಎನ್ನುವವರು ಕೆಲವರು. ಪಲ್ಯ ಮತ್ತು ಸಾರನ್ನು ಮತ್ತೆ ಬಡಿಸುವುದು ವಾಡಿಕೆ. ರೊಟ್ಟಿ, ಮೊಸರು, ಹಪ್ಪಳಗಳ ಲೆಕ್ಕ ಮಾತ್ರ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಈ ಒಂದು ಪ್ರಶ್ನೆಯನ್ನು ಮೊದಲೇ ಕೇಳಿಬಿಟ್ಟರೆ ಗಲ್ಲಾದ ಮುಂದೆ ಮಾತು ಬೆಳೆಯುವುದಿಲ್ಲ.

ಶೇಂಗಾ ಒಗ್ಗದವರು ಇನ್ನೊಂದು ಪ್ರಶ್ನೆಯನ್ನು ತಪ್ಪದೇ ಕೇಳಬೇಕು. ಚಟ್ನಿಪುಡಿಯಲ್ಲಿ ಮಾತ್ರವಲ್ಲದೆ ಎಣ್ಣೆಗಾಯಿಯ ಮಸಾಲೆಯಲ್ಲಿಯೂ ಕೆಲವು ಪಲ್ಯಗಳಲ್ಲಿಯೂ ಹುರಿದ ಶೇಂಗಾಪುಡಿ ಇರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಗೋಧಿ ಒಗ್ಗದವರಿಗೆ ಜೋಳ ಸರಿಹೋಗುತ್ತದೆಯಾದರೂ ಅದೇ ಹೆಂಚಿನ ಮೇಲೆ ಚಪಾತಿಯನ್ನೂ ಬೇಯಿಸುತ್ತಾರೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇನ್ನು ರೊಟ್ಟಿಯ ವಿಚಾರ. ಖಾನಾವಳಿಯ ಯೋಗ್ಯತೆಯನ್ನು ಅಳೆಯುವುದು ಇದರಿಂದಲೇ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟಿಲ್ಲ. ಆದ್ದರಿಂದ ಕುದಿಯುವ ನೀರು ಹಾಕಿ ಹಿಟ್ಟನ್ನು ಹದಕ್ಕೆ ತಂದು, ಚೆನ್ನಾಗಿ ನಾದಿ, ಒಣಹಿಟ್ಟು ಉದುರಿಸಿಕೊಂಡು ಅಂಗೈಯಿಂದ ತಟ್ಟುತ್ತ ತಿರುಗಿಸುತ್ತ ಹೋಗಬೇಕು. ನಾದುವುದರಲ್ಲಿ ಸೋಮಾರಿತನ ಮಾಡಿದರೆ ಅಂಚು ಸೀಳುತ್ತದೆ. ಹೆಂಚಿಗೆ ಹಾಕಿದ ಕೂಡಲೇ ಮೇಲಿನ ಒಣಹಿಟ್ಟು ಹೋಗುವಂತೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ; ಆ ನೀರು ಆರುವ ಹೊತ್ತಿಗೆ ತಿರುವಿ ಹಾಕಿ, ಕೊನೆಗೆ ಉರಿಗೆ ಹಿಡಿದರೆ ರೊಟ್ಟಿ ಉಬ್ಬುತ್ತದೆ. ಅಡುಗೆಮನೆ ಕಾಣುವಂತಿದ್ದರೆ ಇದನ್ನು ಎರಡು ನಿಮಿಷ ನೋಡಿಯೇ ಕುಳಿತುಕೊಳ್ಳಿ. ತಟ್ಟೆಗೆ ಬಂದ ರೊಟ್ಟಿಯ ಅಂಚು ನಡುಭಾಗದಷ್ಟೇ ತೆಳುವಾಗಿರಬೇಕು, ಎರಡು ಪದರ ಬಿಡಿಸಿಕೊಳ್ಳುವಂತಿರಬೇಕು, ಬಾಯಲ್ಲಿ ಹಸಿಹಿಟ್ಟು ಅಂಟಬಾರದು. ಮೇಲೆ ಬಿಳಿ ಹಿಟ್ಟು ಕೈಗೆ ಹತ್ತುವಂತಿದ್ದರೆ ನೀರು ಸವರಿದ್ದು ಸಾಲದು ಎಂದರ್ಥ. ಬಿಸಿರೊಟ್ಟಿ ಬೇಗನೆ ಆರಿ ಗಡುಸಾಗುವುದರಿಂದ ಎರಡನ್ನು ಒಟ್ಟಿಗೆ ಹಾಕಿಸಿಕೊಳ್ಳಬಾರದು. ಮೊದಲನೆಯದು ಮುಕ್ಕಾಲು ಮುಗಿದಾಗ “ಅಕ್ಕಾ, ಇನ್ನೊಂದು ಬಿಸೀದು ಹಾಕ್ರಿ” ಎಂದರೆ ಹೆಂಚಿನಿಂದ ನೇರವಾಗಿ ಬರುತ್ತದೆ. ಎರಡನೆಯ ರೊಟ್ಟಿಯೂ ಮೊದಲಿನಷ್ಟೇ ಚೆನ್ನಾಗಿದ್ದರೆ ಆ ಖಾನಾವಳಿಯನ್ನು ಧೈರ್ಯವಾಗಿ ನೆಚ್ಚಬಹುದು.

ಪಲ್ಯಗಳಲ್ಲಿ ಎಣ್ಣೆಗಾಯಿ ಸಿಕ್ಕ ದಿನ ಅದೃಷ್ಟದ ದಿನ. ಎಳೆಯ ಬದನೆಕಾಯಿಯನ್ನು ತೊಟ್ಟು ಉಳಿಸಿ ನಾಲ್ಕಾಗಿ ಸೀಳಿ, ಶೇಂಗಾ, ಎಳ್ಳು, ಒಣಕೊಬ್ಬರಿಯ ಮಸಾಲೆ ತುಂಬಿ, ಎಣ್ಣೆ ಅಂಚಿನಲ್ಲಿ ಬಿಡುವವರೆಗೆ ಬೇಯಿಸಿರುತ್ತಾರೆ. ತೊಟ್ಟಿನ ಬುಡವನ್ನು ಎರಡು ಬೆರಳಿನಿಂದ ಒತ್ತಿದರೆ ಕುಸಿಯಬೇಕು. ಕುಸಿಯದಿದ್ದರೆ ಮಸಾಲೆ ಎಷ್ಟು ಚೆನ್ನಾಗಿದ್ದರೂ ಕಾಯಿ ಬೆಂದಿಲ್ಲ. ಆದರೂ ಅಡುಗೆಯವರ ಕೈ ತಿಳಿಯಲು ನಾನು ನೋಡುವುದು ಕಾಳಿನ ಪಲ್ಯವನ್ನೇ. ಹೆಸರುಕಾಳಾಗಲಿ ಮಡಿಕೆಕಾಳಾಗಲಿ ಒಂದೊಂದು ಕಾಳೂ ಬಿಡಿಯಾಗಿದ್ದು, ಕಚ್ಚಿದರೆ ಮೆತ್ತಗಿರಬೇಕು. ಎಣ್ಣೆಗಾಯಿಯ ಕೊರತೆಯನ್ನು ಮಸಾಲೆ ಮುಚ್ಚೀತು, ಕಾಳಿನ ಕೊರತೆಯನ್ನು ಮುಚ್ಚಲು ಏನೂ ಇಲ್ಲ.

ಖಾರದ ಅಂದಾಜು ಇಲ್ಲದವರು ಕೆಂಪು ಚಟ್ನಿಯನ್ನು ಮೊದಲ ತುತ್ತಿಗೇ ಬೆರೆಸಿಕೊಳ್ಳಬಾರದು. ಚಟ್ನಿಪುಡಿಯನ್ನು ಮೊಸರಿನಲ್ಲಿ ಕಲಸಿಕೊಂಡರೆ ಖಾರ ತಗ್ಗುತ್ತದೆ, ರುಚಿಯೂ ಕೂಡುತ್ತದೆ. ನೀರು ಕುಡಿದು ಖಾರ ಇಳಿಸಲು ಹೋದರೆ ಹೊಟ್ಟೆ ತುಂಬುವುದೇ ಹೊರತು ಖಾರ ಇಳಿಯುವುದಿಲ್ಲ. ಅನ್ನಕ್ಕೆ ಜಾಗ ಉಳಿಸಿಕೊಳ್ಳಿ, ಆದರೆ ಬಹಳ ಬೇಡ. ಒಂದು ಸೌಟು ಅನ್ನಕ್ಕೆ ಸಾರು, ಇನ್ನೊಂದಕ್ಕೆ ಮಜ್ಜಿಗೆ ಸಾಕು. ಬೇಡವಾದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಸಾಕೆನ್ನಬೇಕು, ಇಲ್ಲದಿದ್ದರೆ ಬಡಿಸುವವರು ನಿಲ್ಲಿಸುವುದಿಲ್ಲ.

ಉಂಡಾದ ಮೇಲೆ ಹೆಚ್ಚು ಹೊತ್ತು ಕುಳಿತು ಹರಟಬಾರದು. ಹಿಂದೆ ಯಾರಾದರೂ ನಿಂತಿರುತ್ತಾರೆ. ಫೋನಿನಲ್ಲಿ ಹಣ ಪಾವತಿಸುವ ವ್ಯವಸ್ಥೆ ಈಗ ಸಾಮಾನ್ಯವಾಗಿದ್ದರೂ, ನೆಟ್‌ವರ್ಕ್ ಕೈಕೊಟ್ಟ ದಿನಕ್ಕೆ ಚಿಲ್ಲರೆ ಇರಲಿ. ಹಣ ಕೊಡುವಾಗಲೇ ನಾಳಿನ ಪಲ್ಯ ಯಾವುದೆಂದು ಕೇಳಿಟ್ಟುಕೊಳ್ಳಿ, ಏಕೆಂದರೆ ದಿನಕ್ಕೊಂದು ಪಲ್ಯ ಬದಲಾಗುವ ಕಡೆ ಒಂದೇ ಊಟದಿಂದ ತೀರ್ಮಾನಿಸುವುದು ಸರಿಯಲ್ಲ. ಮನೆಗೆ ಒಯ್ಯಬೇಕೆನಿಸಿದರೆ ಬಿಸಿರೊಟ್ಟಿಯ ಪಾರ್ಸೆಲ್ ಬೇಡ, ಊರು ಮುಟ್ಟುವಷ್ಟರಲ್ಲಿ ಬೆವೆತು ಮೆತ್ತಗಾಗಿರುತ್ತದೆ. ಖಡಕ್ ರೊಟ್ಟಿ ಮತ್ತು ಚಟ್ನಿಪುಡಿ ಕಟ್ಟಿಸಿಕೊಂಡು, ರೊಟ್ಟಿಯನ್ನು ತೇವ ತಾಗದ ಡಬ್ಬಿಯಲ್ಲಿಟ್ಟರೆ ಹಲವು ದಿನ ಉಳಿಯುತ್ತದೆ.