ಡೈರೆಕ್ಟರಿ ಸರ್ವರ್ ಇಲ್ಲದೆ 40 ಮಶೀನುಗಳ ಲಾಗಿನ್: ನನ್ನ ಅನುಭವ

ಹತ್ತಿರ ಹತ್ತಿರ 40 ಲಿನಕ್ಸ್ ಮಶೀನು, 300ಕ್ಕೆ ಸ್ವಲ್ಪ ಕಡಿಮೆ ಖಾತೆ. ಇಷ್ಟಕ್ಕೂ ಮೂಲ ಒಂದೇ ಒಂದು ಟೆಕ್ಸ್ಟ್ ಫೈಲು. ಅದು ಗಿಟ್‌ನಲ್ಲಿ (ಫೈಲಿನ ಪ್ರತಿ ಬದಲಾವಣೆಯನ್ನೂ ನೆನಪಿಡುವ ಪ್ರೋಗ್ರಾಮು) ಕೂತಿದೆ, ಆನ್ಸಿಬಲ್ ಅನ್ನುವ ಟೂಲು ಅದನ್ನು ಎಲ್ಲ ಕಡೆ ಹಂಚುತ್ತದೆ. ಒಳಗೆ ಬರಲು ಪಾಸ್‌ವರ್ಡ್ ಇಲ್ಲ, 12 ಗಂಟೆ ಬಾಳುವ ಎಸ್‌ಎಸ್‌ಎಚ್ ಸರ್ಟಿಫಿಕೇಟ್ ಅಷ್ಟೇ. ಎಸ್‌ಎಸ್‌ಎಚ್ ಅಂದರೆ ದೂರದ ಮಶೀನಿಗೆ ಲಾಗಿನ್ ಆಗುವ ದಾರಿ, ಸರ್ಟಿಫಿಕೇಟ್ ಅಂದರೆ ಬಳಕೆದಾರನ ಡಿಜಿಟಲ್ ಕೀಗೆ ನಾವು ಹಾಕಿಕೊಡುವ ಸಹಿ. ಇದನ್ನು ಮೊದಲು ಹೇಳಿದಾಗ ನಮ್ಮ ತಂಡದವರೇ ನಕ್ಕರು. "ಈ ಕಾಲದಲ್ಲಿ ಟೆಕ್ಸ್ಟ್ ಫೈಲಾ ಸಾರ್?" ಅಂದರು. ಎರಡು ವರ್ಷದ ಮೇಲಾಯ್ತು, ಇವತ್ತಿಗೂ ನಡೆಯುತ್ತಿದೆ. ನಕ್ಕವರೇ ಈಗ ಸ್ಕ್ರಿಪ್ಟ್ ಕೇಳುತ್ತಿದ್ದಾರೆ.

ಮೊದಲು ದುಡ್ಡಿನ ಮಾತು. ಡೈರೆಕ್ಟರಿ, ಅಂದರೆ ಎಲ್ಲರ ಖಾತೆಗಳನ್ನು ಒಂದೇ ಕಡೆ ಇಟ್ಟು ಪ್ರತಿ ಮಶೀನಿಗೂ ಉತ್ತರ ಹೇಳುವ ಸರ್ವರ್, ಅದನ್ನು ಮಾರುವ ಒಬ್ಬರು ಬಂದು ತಲೆಗಿಷ್ಟು ಅಂತ ರೇಟು ಹೇಳಿದರು. ತಲೆ ಅಂದರೆ ಮನುಷ್ಯರಲ್ಲ, ಖಾತೆ. ಬ್ಯಾಕಪ್ಪಿನ ಖಾತೆ, ಡೇಟಾಬೇಸಿನ ಖಾತೆ, ಕೆಲಸ ಬಿಟ್ಟು ಹೋದವರ ಖಾತೆ, ಎಲ್ಲವೂ ತಲೆಯೇ. ಮೂರು ವರ್ಷಕ್ಕೆ ಲೆಕ್ಕ ಹಾಕಿದರೆ ನಮ್ಮ ಒಂದು ವರ್ಷದ ಹಾರ್ಡ್‌ವೇರ್ ಬಜೆಟ್ಟಿನ ಅರ್ಧ ಅದಕ್ಕೇ ಹೋಗುತ್ತಿತ್ತು. ನಾನು ಕೂತು ಎಣಿಸಿದೆ. ನಿಜವಾದ ಮನುಷ್ಯರು 120 ಇದ್ದರೆ ಹೆಚ್ಚು. ಉಳಿದವು ಸರ್ವಿಸ್ ಖಾತೆಗಳು, ಇಲ್ಲವೇ ಯಾರೂ ಮುಟ್ಟದೆ ಬಿದ್ದಿದ್ದವು. ನನ್ನ ಖರ್ಚು ಕೊನೆಗೆ ಎಷ್ಟಾಯಿತು ಅಂದರೆ, ಮೂಲೆಯಲ್ಲಿದ್ದ ಒಂದು ಹಳೇ ಮಶೀನು, ಗುಟ್ಟಿನ ಕೀ ಒಳಗಿಟ್ಟುಕೊಳ್ಳುವ ಎರಡು ಹಾರ್ಡ್‌ವೇರ್ ಟೋಕನ್, ಆಮೇಲೆ ಸಾಕಷ್ಟು ಸಂಜೆಗಳು.

ಹಾಗಾದರೆ ಪುಕ್ಕಟೆ ಸಿಗುವ ಎಲ್‌ಡ್ಯಾಪ್ ಡೈರೆಕ್ಟರಿ ಹಾಕಬಹುದಿತ್ತಲ್ಲ ಅಂತ ಕೇಳುವಿರಿ. ಹಾಕಿ ನೋಡಿದೆವು. ಒಂದು ದಿನ ನೆಟ್‌ವರ್ಕ್ ಸ್ವಿಚ್ ಕೈಕೊಟ್ಟಿತು. ಡೈರೆಕ್ಟರಿ ಸಿಗುತ್ತಿಲ್ಲ, ಸರಿ, ಕನ್ಸೋಲಿನಲ್ಲಿ (ಮಶೀನಿನದೇ ಕೀಬೋರ್ಡು, ಪರದೆ) ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಖಾತೆಯಲ್ಲಿ, ಹೋಗೋಣ ಅಂದರೆ ಅದೂ ನೇತಾಡಿಕೊಂಡು ನಿಂತಿತು. ರೂಟ್ ಲೋಕಲ್ ಫೈಲಿನಲ್ಲೇ ಇದೆ, ಅದ್ಯಾಕೆ ನಿಲ್ಲಬೇಕು? ಯಾಕೆಂದರೆ ಲಾಗಿನ್ ಆಗುವಾಗ ಈ ಬಳಕೆದಾರ ಯಾವ್ಯಾವ ಗ್ರೂಪಿನಲ್ಲಿದ್ದಾನೆ ಅಂತ ಸಿಸ್ಟಮ್ ಹುಡುಕುತ್ತದೆ. ಆ ಹುಡುಕಾಟ ಲೋಕಲ್ ಫೈಲಿಗೆ ನಿಲ್ಲದೆ ಎಲ್‌ಡ್ಯಾಪ್‌ಗೂ ಹೋಗಿ ಉತ್ತರಕ್ಕೆ ಕಾಯುತ್ತದೆ. ಟೈಮ್‌ಔಟ್ ತಗ್ಗಿಸಬಹುದು, ಎಸ್‌ಎಸ್‌ಎಸ್‌ಡಿ ಅನ್ನುವ ಪ್ರೋಗ್ರಾಮು ಹಾಕಿ ಡೈರೆಕ್ಟರಿಯ ಉತ್ತರಗಳನ್ನು ಮಶೀನಿನಲ್ಲೇ ಕ್ಯಾಶ್ ಇಡಬಹುದು, ಎರಡನೇ ಸರ್ವರ್ ನಿಲ್ಲಿಸಬಹುದು. ಎಲ್ಲ ಸರಿ. ಆದರೆ ಪ್ರತಿ ಮದ್ದಿಗೂ ಇನ್ನೊಂದು ನೋಡಿಕೊಳ್ಳುವ ಕೆಲಸ ಹುಟ್ಟುತ್ತದೆ. ನಾವು ಇದ್ದದ್ದು ಇಬ್ಬರು. ನೆಟ್‌ವರ್ಕ್ ಬಿದ್ದಾಗಲೂ ಲೋಕಲ್ ಫೈಲು ಅಲ್ಲೇ ಇರುತ್ತದೆ ಅನ್ನುವ ಒಂದೇ ಗುಣಕ್ಕೆ ನಾನು ಅದರ ಕಡೆ ವಾಲಿದೆ.

ನಿಜವಾದ ಗೋಳು ಯುಐಡಿಯದ್ದು. ಯುಐಡಿ ಅಂದರೆ ಪ್ರತಿ ಖಾತೆಗೂ ಲಿನಕ್ಸ್ ಕೊಡುವ ನಂಬರ್, ಫೈಲಿನ ಮಾಲೀಕ ಯಾರು ಅನ್ನುವುದನ್ನು ಅದು ಈ ನಂಬರಿನಲ್ಲೇ ಬರೆದಿಡುತ್ತದೆ. ಪ್ರತಿ ಮಶೀನಿನಲ್ಲೂ ಯಾರೋ ಯಾವಾಗಲೋ ಯೂಸರ್‌ಆಡ್ (ಖಾತೆ ತೆರೆಯುವ ಕಮಾಂಡ್) ಹೊಡೆದಿದ್ದರು. ಒಂದರಲ್ಲಿ 1003 ಒಬ್ಬರು, ಪಕ್ಕದ್ದರಲ್ಲಿ 1003 ಇನ್ನೊಬ್ಬರು. ಹಳೇ ರೆಡ್ ಹ್ಯಾಟ್ ಮಶೀನುಗಳಲ್ಲಂತೂ ಎಣಿಕೆ 500ರಿಂದಲೇ ಶುರು. ನೆಟ್‌ವರ್ಕ್ ಮೇಲೆ ಫೈಲು ಹಂಚಿಕೊಳ್ಳುವ ಎನ್‌ಎಫ್‌ಎಸ್ ನಮ್ಮಲ್ಲಿ ವೈರಿನ ಮೇಲೆ ಕಳಿಸುತ್ತಿದ್ದದ್ದು ನಂಬರನ್ನು, ಹೆಸರನ್ನಲ್ಲ. ಹಾಗಾಗಿ ಒಬ್ಬರ ಫೈಲಿಗೆ ಇನ್ನೊಬ್ಬರು ಮಾಲೀಕರಾಗಿ ಕಾಣುತ್ತಿದ್ದರು.

1000ದ ಸಾಲಿನಲ್ಲೇ ಅದಲು ಬದಲು ಮಾಡೋಣ ಅಂತ ಪರೀಕ್ಷೆಯ ಮಶೀನಿನಲ್ಲಿ ನೋಡಿದೆ. ಅದು ಆಗದ ಮಾತು. 1003ರ ಫೈಲುಗಳನ್ನು 1007ಕ್ಕೆ ಕೊಡುವಾಗ ಹಳೇ 1007ರ ಫೈಲು ಇನ್ನೂ ಅಲ್ಲೇ ಇದ್ದರೆ ಎರಡೂ ಕಲೆತುಹೋಗುತ್ತವೆ. ಆಮೇಲೆ ಯಾರದ್ದು ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಅದಕ್ಕೆ ಎಲ್ಲರನ್ನೂ ಯಾರೂ ಮುಟ್ಟಿರದ ಹೊಸ ಸಾಲಿಗೆ ಎತ್ತಿದೆ, 20000ದಿಂದ 29999. ಇಲ್ಲಿ ಇನ್ನೊಂದು ಗಮನಿಸಿ. ಯೂಸರ್‌ಆಡ್ ತನ್ನ ಮಿತಿಯೊಳಗೆ ಇರುವ ದೊಡ್ಡ ನಂಬರಿಗೆ ಒಂದು ಸೇರಿಸಿ ಮುಂದಿನದ್ದನ್ನು ಕೊಡುತ್ತದೆ. ಮಿತಿ ಸಾಮಾನ್ಯವಾಗಿ 60000. ಅಂದರೆ ಯಾರಾದರೂ ಸುಮ್ನೆ ಒಂದು ಲೋಕಲ್ ಖಾತೆ ತೆರೆದರೆ ಅದು ಬಂದು ನನ್ನ ಸಾಲಿನಲ್ಲೇ ಕೂರುತ್ತದೆ. ಲಾಗಿನ್ ಡೆಫ್ಸ್ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ ಆ ಮಿತಿಯನ್ನು 9999ಕ್ಕೆ ಇಳಿಸಿದೆ, ಕಾಟ ತಪ್ಪಿತು.

ಖಾತೆಯ ನಂಬರ್ ಬದಲಿಸುವ ಕಮಾಂಡ್ ಯೂಸರ್‌ಮಾಡ್ ಮೈನಸ್ ಯು, ಹೋಮ್ ಫೋಲ್ಡರು ಮತ್ತು ಮೇಲ್‌ಬಾಕ್ಸನ್ನು ಮಾತ್ರ ಸರಿಪಡಿಸುತ್ತದೆ. ಉಳಿದದ್ದಕ್ಕೆ ಫೈಂಡ್ (ಫೈಲು ಹುಡುಕಲು) ಮತ್ತು ಚೋನ್ (ಮಾಲೀಕರನ್ನು ಬದಲಿಸಲು) ಓಡಿಸಬೇಕು, ಸಿಮ್‌ಲಿಂಕಿಗೆ (ಬೇರೆ ಫೈಲಿನ ಕಡೆ ಕೈತೋರುವ ಕೊಂಡಿ) ಮೈನಸ್ ಎಚ್ ಮರೆಯದೆ. ಚೋನ್ ಆದ ಮೇಲೆ ಪ್ರೋಗ್ರಾಮುಗಳ ಸೆಟ್‌ಯುಐಡಿ ಬಿಟ್ (ಮಾಲೀಕರ ಅಧಿಕಾರದಲ್ಲೇ ಓಡಲಿ ಅನ್ನುವ ಗುರುತು) ಹಾರಿಹೋಗುತ್ತದೆ, ಹಾಗಾಗಿ ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಿ. ಜಾಸ್ತಿ ಸತಾಯಿಸಿದ್ದು ಎಸಿಎಲ್, ಅಂದರೆ ಮಾಲೀಕರಲ್ಲದೆ ಇನ್ಯಾರ್ಯಾರು ಫೈಲು ಮುಟ್ಟಬಹುದು ಅನ್ನುವ ಪಟ್ಟಿ. ಫೈಲಿನ ಮಾಲೀಕ ಬದಲಾದರೂ ಎಸಿಎಲ್ ಒಳಗಿನ ಹಳೇ ನಂಬರ್ ಹಾಗೇ ಉಳಿಯುತ್ತದೆ, ಫೈಂಡ್ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಬೇರೆಯಾಗಿ ತೆಗೆದು, ನಂಬರ್ ತಿದ್ದಿ, ಮತ್ತೆ ಹಾಕಿದೆ. ಎನ್‌ಎಫ್‌ಎಸ್ ಶೇರಿನಲ್ಲಿ ಎರಡು ಮಶೀನಿನ ಇಬ್ಬರು 1003ಗಳು ಒಂದೇ ಫೋಲ್ಡರಿನಲ್ಲಿ ಬರೆದಿದ್ದ ಫೈಲುಗಳನ್ನು ಬೇರ್ಪಡಿಸಲು ಒಂದು ಉಪಾಯ ಹೂಡಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ತಮಾಷೆಯ ಪ್ರಯೋಗ. ನೂರು ಕೋಟಿಯ ಆಸುಪಾಸಿನ ಒಂದು ಯುಐಡಿ ಕೊಟ್ಟು ಖಾತೆ ತೆರೆದು ಲಾಗಿನ್ ಆದೆ. ಪ್ರತಿಯೊಬ್ಬರ ಕೊನೆಯ ಲಾಗಿನ್ ಬರೆದಿಡುವ ಲಾಸ್ಟ್‌ಲಾಗ್ ಫೈಲು ಸುಮಾರು 290 ಜಿಬಿ ಅಂತ ತೋರಿಸಿತು! ಆ ಫೈಲಿನಲ್ಲಿ ಪ್ರತಿ ಯುಐಡಿಗೆ 292 ಬೈಟಿನ ಒಂದು ಜಾಗ, ನಂಬರಿನ ಲೆಕ್ಕದಲ್ಲೇ ಇರುತ್ತದೆ. ನಿಜವಾಗಿ ಡಿಸ್ಕಿನಲ್ಲಿ ಹಿಡಿಯುವುದು ಕೆಲವೇ ಕೆಬಿ, ಮಿಕ್ಕಿದ್ದು ಬರೀ ತೂತು. ಆದರೆ ತೂತು ಗೊತ್ತಾಗದ ಬ್ಯಾಕಪ್ ಪ್ರೋಗ್ರಾಮು ಅಷ್ಟೂ ಸೊನ್ನೆಗಳನ್ನು ಓದುತ್ತಾ ರಾತ್ರಿಯಿಡೀ ಕೂರುತ್ತದೆ. ದೊಡ್ಡ ನಂಬರ್ ಹಂಚುವ ವ್ಯವಸ್ಥೆ ಬಳಸುವವರು ಬ್ಯಾಕಪ್ಪಿನಿಂದ ಈ ಫೈಲನ್ನು ಬಿಟ್ಟುಬಿಡಿ.

ಇನ್ನು ಸರ್ಟಿಫಿಕೇಟ್. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಇದು 2010ರಿಂದ ಇದೆ, ಬಳಸುವವರು ಕಡಿಮೆ. ಸಹಿ ಹಾಕುವ ಕೀ ಟೋಕನ್ ಒಳಗಿದೆ. ಬೆಳಿಗ್ಗೆ ಬಂದವರು ತಮ್ಮ ಕೀಗೆ ಸಹಿ ಹಾಕಿಸಿಕೊಳ್ಳುತ್ತಾರೆ, ರಾತ್ರಿಗೆ ಅದು ಸತ್ತುಹೋಗುತ್ತದೆ. ಸಹಿಗೆ ಮೊದಲು ಎದುರಿಗಿರುವವರು ಅವರೇ ಅಂತ ಹೇಗೆ ಖಾತ್ರಿ ಮಾಡಿಕೊಳ್ಳುತ್ತೇನೆ ಅನ್ನುವುದನ್ನು ಬೇಕಂತಲೇ ಬರೆಯುತ್ತಿಲ್ಲ. ಶುರುವಿನಲ್ಲಿ ಕೆಲವು ಮಶೀನುಗಳು ಸರ್ಟಿಫಿಕೇಟನ್ನು ಒಪ್ಪಲೇ ಇಲ್ಲ. ಅವುಗಳ ಗಡಿಯಾರ ಒಂದೆರಡು ನಿಮಿಷ ಹಿಂದಿತ್ತು, ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲ ಅಂತ ಅವುಗಳ ವಾದ. ಈಗ ಐದು ನಿಮಿಷ ಹಿಂದಿನಿಂದ ಚಾಲ್ತಿ ಅಂತ ಸಹಿ ಹಾಕುತ್ತೇನೆ. ಆಥರೈಸ್ಡ್ ಕೀಸ್ ಫೈಲನ್ನು ಪೂರ್ತಿ ಬಂದ್ ಮಾಡಿದ್ದೇನೆ. ಇಲ್ಲದಿದ್ದರೆ ಜನ ತಮ್ಮದೇ ಕೀ ನೆಟ್ಟುಬಿಡುತ್ತಾರೆ, 12 ಗಂಟೆಯ ಆಟ ಅಲ್ಲಿಗೆ ಮುಗಿಯಿತು.

ಕೆಲಸ ಬಿಟ್ಟವರ ಖಾತೆಗೆ ಬಹಳ ಮಂದಿ ಯೂಸರ್‌ಮಾಡ್ ಮೈನಸ್ ಎಲ್ ಹೊಡೆದು ಕೈತೊಳೆಯುತ್ತಾರೆ. ಅದು ಪಾಸ್‌ವರ್ಡಿಗೆ ಮಾತ್ರ ಬೀಗ. ಪ್ಯಾಮ್ (ಲಿನಕ್ಸಿನಲ್ಲಿ ಲಾಗಿನ್ ಪರಿಶೀಲಿಸುವ ವ್ಯವಸ್ಥೆ) ಚಾಲ್ತಿಯಲ್ಲಿದ್ದರೆ ಕೀ ಹಿಡಿದವರು ಆರಾಮಾಗಿ ಒಳಗೆ ಬರುತ್ತಾರೆ. ಖಾತೆಯ ಅವಧಿಯನ್ನೇ ಮುಗಿಸಬೇಕು, ಅದಕ್ಕೆ ಕಮಾಂಡ್ ಚೇಜ್ ಮೈನಸ್ ಇ ಸೊನ್ನೆ. ಆದರೂ ಆಗಲೇ ತೆರೆದಿರುವ ಸೆಷನ್ ಮುಚ್ಚುವುದಿಲ್ಲ, ಟೀಮಕ್ಸ್‌ನಲ್ಲಿ (ಲಾಗೌಟ್ ಆದರೂ ಕೆಲಸ ನಿಲ್ಲದಂತೆ ಹಿಡಿದಿಡುವ ಪ್ರೋಗ್ರಾಮು) ಬಿಟ್ಟ ಕೆಲಸ ನಡೆಯುತ್ತಲೇ ಇರುತ್ತದೆ. ನನ್ನ ಸ್ಕ್ರಿಪ್ಟ್ ಆ ಬಳಕೆದಾರನ ಪ್ರೋಸೆಸ್‌ಗಳನ್ನೂ ಕೊಲ್ಲುತ್ತದೆ. ಟೆಕ್ಸ್ಟ್ ಫೈಲಿನಿಂದ ಸಾಲನ್ನು ಮಾತ್ರ ಅಳಿಸುವುದಿಲ್ಲ. ಅಳಿಸಿದರೆ ನಾಳೆ ಅದೇ ನಂಬರ್ ಹೊಸಬರಿಗೆ ಸಿಕ್ಕಿ, ಹಳಬರ ಫೈಲುಗಳೆಲ್ಲ ಅವರ ಪಾಲಾಗುತ್ತವೆ.

ಉಳಿದಿರುವುದು ಸರ್ವಿಸ್ ಖಾತೆಗಳು. ರಾತ್ರಿ ಕ್ರಾನ್‌ನಲ್ಲಿ (ಗೊತ್ತುಮಾಡಿದ ಹೊತ್ತಿಗೆ ತಾನೇ ಕೆಲಸ ಓಡಿಸುವ ವ್ಯವಸ್ಥೆ) ಒಂದು ಮಶೀನಿನಿಂದ ಇನ್ನೊಂದಕ್ಕೆ ಹೋಗುವವರಿಗೆ ಯಾರು ಎದ್ದು ಸಹಿ ಹಾಕಬೇಕು? ಸದ್ಯ ಅವಕ್ಕೆ 30 ದಿನದ ಸರ್ಟಿಫಿಕೇಟ್ ಕೊಟ್ಟು, ಯಾವ ಐಪಿಯಿಂದ ಬರಬೇಕು, ಯಾವ ಒಂದು ಕಮಾಂಡ್ ಮಾತ್ರ ಓಡಿಸಬೇಕು ಅನ್ನುವುದನ್ನು ಅದರೊಳಗೇ ಕಟ್ಟಿಹಾಕಿದ್ದೇನೆ. 30 ದಿನ ಜಾಸ್ತಿಯೇ, ಒಪ್ಪುತ್ತೇನೆ. ಏಳಕ್ಕೆ ಇಳಿಸಿ ನೋಡುವ ಪ್ರಯೋಗ ಎರಡು ಮಶೀನಿನಲ್ಲಿ ನಡೆದಿದೆ.