ಕೊನೆಯ ಪುಟದಲ್ಲಿ ಬಿಟ್ಟುಹೋದ ಒಂದು ಸಾಲು

ಆ ತಾಯಿ ಚಳ್ಳಕೆರೆ ಕಡೆಯವರು. ಚಿತ್ರದುರ್ಗದ ನನ್ನ ವಕೀಲಿ ಆಫೀಸಿಗೆ ಬಂದಾಗ ತೀರ್ಪಾಗಿ 19 ದಿನ ಕಳೆದಿತ್ತು. ಮಗನಿಗೆ 22 ವರ್ಷ. ರಾತ್ರಿ ಬೀಗ ಮುರಿದು ಒಡವೆ ಕದ್ದ ಕೇಸು.

"ಆರು ವರ್ಷ ಅಂತಾರೆ ಸ್ವಾಮಿ. ಮೇಲಿನ ಕೋರ್ಟಿಗೆ ಹೋದ್ರೆ ಇನ್ನೂ ಜಾಸ್ತಿ ಮಾಡ್ತಾರಂತೆ, ಹೌದಾ?"

ಇಲ್ಲಮ್ಮ, ಆರೋಪಿ ಹಾಕಿದ ಅಪೀಲಿನಲ್ಲಿ ಶಿಕ್ಷೆ ಹೆಚ್ಚಿಸುವಂತಿಲ್ಲ ಎಂದೆ. ಈ ಭಯಕ್ಕೇ ಎಷ್ಟೋ ಜನ 30 ದಿನದ ಗಡುವು ಕಳೆದುಕೊಳ್ಳುತ್ತಾರೆ. ಜೈಲಿನಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ ಅನ್ನೋದೂ ಆ ತಾಯಿಗೆ ಗೊತ್ತಿರಲಿಲ್ಲ.

ನಾನು ತೀರ್ಪನ್ನು ಕೊನೆಯ ಪುಟದಿಂದ ಓದುತ್ತೇನೆ. ಐಪಿಸಿ (ಹಳೆಯ ದಂಡ ಸಂಹಿತೆ) 457, ಅಂದರೆ ರಾತ್ರಿ ಬೀಗ ಮುರಿದು ಮನೆಗೆ ನುಗ್ಗಿದ್ದಕ್ಕೆ 3 ವರ್ಷ, 380, ಅಂದರೆ ಮನೆಯಲ್ಲಿ ಕದ್ದದ್ದಕ್ಕೆ 3 ವರ್ಷ, ಮೇಲೆ ದಂಡ. ಅಷ್ಟೇ. ಎರಡೂ ಶಿಕ್ಷೆ ಒಟ್ಟಿಗೆ ನಡೆಯಲಿ ಎಂಬ ಸಾಲೇ ಇಲ್ಲ. ಸಿಆರ್‌ಪಿಸಿ (ಆಗಿನ ಕ್ರಿಮಿನಲ್ ವಿಚಾರಣೆಯ ಕಾನೂನು) 31ರಲ್ಲಿ ಕೋರ್ಟು ಹಾಗೆ ಹೇಳದಿದ್ದರೆ ಒಂದು ಮುಗಿದ ಮೇಲೆ ಇನ್ನೊಂದು ಶುರುವಾಗುತ್ತಿತ್ತು. ಒಂದು ಸಾಲಿಗೆ ಮೂರು ವರ್ಷ! ಹೊಟ್ಟೆ ಉರಿಯಿತು. ಈಗಿನ ಬಿಎನ್‌ಎಸ್‌ಎಸ್ (ಅದರ ಜಾಗಕ್ಕೆ ಬಂದ ಕಾನೂನು) 25ರಲ್ಲಿ, ಒಟ್ಟಿಗೋ ಬೇರೆಬೇರೆಯೋ ಎಂದು ಜಡ್ಜ್ ಹೇಳಲೇಬೇಕು, ಒಳ್ಳೆಯದಾಯಿತು.

ಮಾಲು ಹುಡುಗ ತೋರಿಸಿದ ಜಾಗದಲ್ಲೇ ಸಿಕ್ಕಿತ್ತು. ಪಂಚರೂ (ಮಾಲು ಜಪ್ತಿಯ ಸಾಕ್ಷಿಗಳು) ತಿರುಗಿಬಿದ್ದಿರಲಿಲ್ಲ. ಹಾಗಾಗಿ ಶಿಕ್ಷೆಯ ಪ್ರಮಾಣದ ಮೇಲಷ್ಟೇ ವಾದಿಸಿದೆ. ಅದೇ ರಾತ್ರಿ, ಅದೇ ಮನೆ. ಬೀಗ ಮುರಿದದ್ದೇ ಕದಿಯಲಿಕ್ಕೆ, ಅಲ್ವಾ? ಹಿಂದೆ ಯಾವ ಕೇಸೂ ಇಲ್ಲ. ಒಡವೆ ಪೂರ್ತಿ ವಾಪಸ್ ಸಿಕ್ಕಿದೆ.

ಇನ್ನೊಂದು, ದಿನಗಳ ಲೆಕ್ಕ. ತೀರ್ಪಿಗೆ ಮುಂಚೆ ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯಿಂದ ಕಳೆಯಬೇಕೆನ್ನುತ್ತಿತ್ತು ಸಿಆರ್‌ಪಿಸಿ ಸೆಕ್ಷನ್ 428. ಆದೇಶದಲ್ಲಿ ಅದರ ಮಾತೂ ಇರಲಿಲ್ಲ. ಆ ತಾಯಿ ಚೀಲದಿಂದ ಗೋಡೆ ಕ್ಯಾಲೆಂಡರ್‌ಗಳನ್ನು ತೆಗೆದರು. ಮಗನನ್ನು ನೋಡಲು ಹೋದ ದಿನಕ್ಕೆಲ್ಲ ಕೆಂಪು ಪೆನ್ನಿನ ಗೀಟು. ಮೊದಲ ಗೀಟಿನ ಮೇಲೆ ಬೆರಳಿಟ್ಟು, "ಇದ್ರ ಹಿಂದಿನ ವಾರ ಹಿಡಕೊಂಡು ಹೋದ್ರು" ಎಂದರು. ಅವನನ್ನು ಜೈಲಿಗೆ ಕಳಿಸಿದ ರಿಮ್ಯಾಂಡ್ ದಾಖಲೆಗೂ ಅದು ತಾಳೆಯಾಯಿತು. ಜೈಲಿನಿಂದ ಪತ್ರ ತರಿಸಿದೆ: 412 ದಿನ.

ದಂಡ ಕಟ್ಟಿಬಿಡಿ ಎಂದೂ ಹೇಳಿದೆ. ಕಟ್ಟದಿದ್ದರೆ ಬೀಳುವ ಸಜೆ ಬೇರೆ ಅನುಭವಿಸಬೇಕು, ಅದು ಉಳಿದದ್ದರ ಜೊತೆ ಸೇರಿ ತೀರುವುದಿಲ್ಲ. ಕುರಿ ಮಾರಿ ಕಟ್ಟಿದರು.

ಸೆಷನ್ಸ್ ಕೋರ್ಟು ಎರಡೂ ಶಿಕ್ಷೆಯನ್ನು ಎರಡೆರಡು ವರ್ಷಕ್ಕೆ ಇಳಿಸಿತು. ಒಟ್ಟಿಗೆ ನಡೆಯಲಿ, 412 ದಿನ ಕಳೆಯಲಿ ಎಂದಿತು. ಆದೇಶ ಜೈಲಿಗೆ ಮುಟ್ಟಿ, ರಿಜಿಸ್ಟರಿನಲ್ಲಿ ಬಿಡುಗಡೆ ತಾರೀಖು ತಿದ್ದುವವರೆಗೂ ಅಲ್ಲೇ ಕಾದೆ. ಗೇಟಿನ ಹತ್ತಿರ ಆ ತಾಯಿ ಕ್ಯಾಲೆಂಡರ್ ಬಿಚ್ಚಿ ಪೆನ್ನು ನನ್ನ ಕೈಗಿಟ್ಟರು. ಗೀಟು ನಾನೇ ಎಳೆದೆ.